ಸಪ್ಪಲಮ್ಮನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಸಿಗ್ನಲ್ ಹಿಡಿಯತಕ್ಕ ಕ್ರಮ

ಸಂಖ್ಯೆ: ಕುಮೇಗ/ಸಿಗ್ನಲ್/ಜರಡಿ/17
ಸಹಾಯಕ ನಿರ್ದೇಶಕರ ಕಚೇರಿ, ಕುರಿ–ಮೇಕೆ ಗಣತಿ ವಿಭಾಗ, ಸೇಲಂ

ಇವರಿಗೆ: ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಎಲ್ಲ ಕ್ಷೇತ್ರ ಸಿಬ್ಬಂದಿ. ಮನೆಮಾತು ಕನ್ನಡವಾಗಿದ್ದರೂ ಕನ್ನಡ ಓದಲು ಬಾರದವರಿಗೆ, ಬರುವವರು ಗಟ್ಟಿಯಾಗಿ ಓದಿ ಹೇಳತಕ್ಕದ್ದು.

ವಿಷಯ: ದೂರದ ಹಳ್ಳಿಗಳಲ್ಲಿ ಲ್ಯಾಪ್‌ಟಾಪಿಗೆ ಮೊಬೈಲ್ ಸಿಗ್ನಲ್ ಉತ್ತಮಪಡಿಸಿಕೊಳ್ಳುವ ಬಗ್ಗೆ.

ಉಲ್ಲೇಖ: (ಅ) “ಸಿಗ್ನಲ್ ಸಿಗದಿದ್ದಲ್ಲಿ ಸಿಗುವ ತನಕ ಪ್ರಯತ್ನಿಸತಕ್ಕದ್ದು” ಎಂಬ ಈ ಕಚೇರಿಯ ಹಿಂದಿನ ಸುತ್ತೋಲೆ. (ಆ) ಶ್ರೀಮತಿ ರಾಮಕ್ಕನವರು ಕಟ್ಟೆಯ ಮೇಲೆ ಸಲ್ಲಿಸಿದ ಮೌಖಿಕ ಆಕ್ಷೇಪಣೆ.

1. ಪೆನ್ನಾಗರಂ ತಾಲ್ಲೂಕು ಎತ್ತಿನಗುಂಡು ಗ್ರಾಮದ ಹಂಗಾಮಿ ಕ್ಷೇತ್ರ ಸಹಾಯಕಿ ಕುಮಾರಿ ಶಶಿಕಲಾ ಅವರು ಆರು ವರ್ಷಗಳಿಂದ ಆ ಸುತ್ತಿನ ಆಡು ಕುರಿಗಳನ್ನು ಎಣಿಸುತ್ತ ಬಂದಿರುತ್ತಾರೆ. ಅವರನ್ನು ಖಾಯಂಗೊಳಿಸುವ ಸಲುವಾಗಿ ಕಳೆದ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಇಪ್ಪತ್ತು ನಿಮಿಷಗಳ ವಿಡಿಯೋ ಸಂದರ್ಶನವನ್ನು ನಿಗದಿಪಡಿಸಲಾಗಿತ್ತು. ಸಂದರ್ಶನಕ್ಕೆ ಕರ್ತವ್ಯದ ಹಳ್ಳಿಯಿಂದಲೇ ಹಾಜರಾಗಬೇಕು. ಮೂರು ಬಾರಿ ಸಂಪರ್ಕ ಕಡಿದುಕೊಂಡವರು ಆ ದಿನಕ್ಕೆ ಗೈರುಹಾಜರು. ಗೈರುಹಾಜರಾದವರ ಹುದ್ದೆ ರದ್ದು. ಹೀಗೆಂದು ತಿಳಿವಳಿಕೆ ಪತ್ರದಲ್ಲಿ ಸ್ಪಷ್ಟಪಡಿಸಲಾಗಿದ್ದು, ಶಶಿಕಲಾ ಅವರು ಅದನ್ನು ಹನ್ನೊಂದು ಸಲ ಓದಿಕೊಂಡರೆಂದು ತಿಳಿದುಬಂದಿದೆ.

2. ಎತ್ತಿನಗುಂಡಿನಲ್ಲಿ ಸಿಗ್ನಲ್ ಸಿಗುವ ಜಾಗ ಒಂದೇ: ಊರದೇವತೆ ಸಪ್ಪಲಮ್ಮನ ಕಟ್ಟೆ. ಆದ ಕಾರಣ ಸದರಿ ಕಟ್ಟೆಯನ್ನು ಇಲಾಖೆಯ ತಾತ್ಕಾಲಿಕ ಕಚೇರಿ ಎಂದು ಈ ಮೂಲಕ ಘೋಷಿಸಲಾಗಿದೆ. ಚಪ್ಪಲಿಗಳನ್ನು ಕಚೇರಿಯ ಹೊರಗೆ ಬಿಡತಕ್ಕದ್ದು. ಅಧಿಕಾರಿಗಳ ಬೂಟುಗಳೂ ಚಪ್ಪಲಿಗಳೆಂದೇ ಪರಿಗಣಿತವಾಗುತ್ತವೆ.

3. ಸಿಮ್ ಹಾಕಿದ ಡಾಂಗಲನ್ನು ಲ್ಯಾಪ್‌ಟಾಪಿಗೆ ನೇರವಾಗಿ ಸಿಕ್ಕಿಸತಕ್ಕದ್ದಲ್ಲ. ಮೂರು ಮೀಟರ್ ಉದ್ದದ ವೈರಿನ ತುದಿಗೆ ಅದನ್ನು ಜೋಡಿಸಿ, ಹಿಟ್ಟು ಜರಡಿ ಹಿಡಿಯುವ ಸ್ಟೀಲ್ ಜರಡಿಯ ನಡುವಿಗೆ ಕಟ್ಟಿ, ಜರಡಿಯನ್ನು ಬಿದಿರುಕೋಲಿಗೇರಿಸಿ ಟವರಿನ ಕಡೆಗೆ ತಿರುಗಿಸತಕ್ಕದ್ದು. ಒಂದು ಕಡ್ಡಿ ತೋರಿಸುತ್ತಿದ್ದ ಲ್ಯಾಪ್‌ಟಾಪು ಈ ಕ್ರಮದಿಂದ ಮೂರು ಕಡ್ಡಿ ತೋರಿಸಿದ್ದನ್ನು ಇಲಾಖೆಯು ಕಣ್ಣಾರೆ ಕಂಡಿದೆ. ಪ್ಲಾಸ್ಟಿಕ್ ಜರಡಿಗೆ ಮಂಜೂರಾತಿ ಇರುವುದಿಲ್ಲ.

4. ಸಪ್ಪಲಮ್ಮನಿಗೆ ಯಾರೂ ಬೆನ್ನು ಹಾಕಿ ಕೂರುವಂತಿಲ್ಲ ಎಂಬುದು ಊರ ಕಟ್ಟಳೆ. ಆದ್ದರಿಂದ ಅಭ್ಯರ್ಥಿಯು ಅಮ್ಮನ ಕಡೆ ಮುಖ ಮಾಡಿಯೂ, ಜರಡಿಯು ಪೂರ್ವದ ಟವರಿನ ಕಡೆ ಮುಖ ಮಾಡಿಯೂ ಇರತಕ್ಕದ್ದು. ಹಾಗಾದರೆ ಜರಡಿಯೇ ಅಮ್ಮನಿಗೆ ಬೆನ್ನು ಹಾಕಿದಂತಾಗದೇ ಎಂಬ ಕಾನೂನಾತ್ಮಕ ತೊಡಕು ಉದ್ಭವಿಸಿದಾಗ, ಕಟ್ಟೆಯ ಪೂಜೆ ನೋಡಿಕೊಳ್ಳುವ ರಾಮಕ್ಕನವರು ನೀಡಿದ ತೀರ್ಪು ಇಂತಿದೆ: “ಜರಡೀಗೆ ಎಲ್ಲೈತಮ್ಮಿ ಬೆನ್ನು? ಎರಡು ಕಡೇನೂ ತೂತೇ ಅಲ್ವಾ!” ಈ ತೀರ್ಪನ್ನು ಎರಡೂ ಜಿಲ್ಲೆಗಳಿಗೆ ವಿಸ್ತರಿಸಲಾಗಿದೆ.

5. ಸಂದರ್ಶನವು ನಿಗದಿತ ಸಮಯಕ್ಕೆ ಆರಂಭವಾಯಿತು. ಸೇಲಂ ಕಡೆಯಿಂದ ಸಹಾಯಕ ನಿರ್ದೇಶಕರಾದ ಶ್ರೀ ಹಯಗ್ರೀವ ಅವರು ಕಚೇರಿಯ ಲ್ಯಾಪ್‌ಟಾಪಿನಲ್ಲೂ, ಅಧೀಕ್ಷಕಿ ಶ್ರೀಮತಿ ಕಲೈವಾಣಿ ಅವರು ಮಹಡಿ ಮೆಟ್ಟಿಲ ಮೇಲೆ ಕುಳಿತು ಸ್ವಂತ ಫೋನಿನಲ್ಲೂ ಹಾಜರಿದ್ದರು. ಎರಡನೆಯ ನಿಮಿಷದಲ್ಲಿ ಗಾಳಿ ಬೀಸಿ, ಜರಡಿ ತಿರುಗಿ, ಶಶಿಕಲಾ ಅವರ ಸಂಪರ್ಕ ಮೊದಲ ಬಾರಿ ಕಡಿಯಿತು. ಮರುಸಂಪರ್ಕದ ನಂತರ ಕೋಲು ಹಿಡಿದು ನಿಲ್ಲಲು ಆಡು ಸಾಕುವ ಶ್ರೀ ಕರಿಯಪ್ಪ ಅವರನ್ನು ನೇಮಿಸಲಾಯಿತು. ಐದನೆಯ ನಿಮಿಷದಲ್ಲಿ ಪರದೆಯ ಮೇಲೆ ಸಹಾಯಕ ನಿರ್ದೇಶಕರನ್ನು ಕಂಡ ಕರಿಯಪ್ಪ ಅವರು, ದೊಡ್ಡವರೆಂಬ ಗೌರವದಿಂದ, ಕೋಲನ್ನು ಬಿಟ್ಟು “ವಣಕ್ಕಂ ಸಾರ್” ಎಂದು ಎರಡೂ ಕೈ ಮುಗಿದರು. ಸಂಪರ್ಕ ಎರಡನೆಯ ಬಾರಿ ಕಡಿಯಿತು. ಇನ್ನು ಉಳಿದದ್ದು ಒಂದೇ. ಕೋಲು ಹಿಡಿದವರು ಯಾರಿಗೂ ಕೈ ಮುಗಿಯತಕ್ಕದ್ದಲ್ಲ. ಅನಿವಾರ್ಯವಾದಲ್ಲಿ ತಲೆಯನ್ನು ಮಾತ್ರ ಬಾಗಿಸತಕ್ಕದ್ದು.

6. ಈ ಹಂತದಲ್ಲಿ ರಾಮಕ್ಕನವರು ಕಟ್ಟೆಯ ಮೇಲಿನ ಜರಡಿಯನ್ನು ಹರಕೆಯ ಪಾತ್ರೆಯೆಂದು ಭಾವಿಸಿ, ಉಲ್ಲೇಖ (ಆ)ರ ಆಕ್ಷೇಪಣೆಯನ್ನು ಸಲ್ಲಿಸಿದರು: “ಅಮ್ಮನ ಮುಂದೆ ಯಾರಾನಾ ಬರೀ ಪಾತ್ರ ಮಡಗ್ತಾರಾ ಶಶೀ? ನಿಮ್ಮ ಆಪೀಸ್ನಾಗೆ ಇಷ್ಟೂ ಯೋಳ್ಕೊಡಲ್ವಾ?” ಹೀಗೆಂದು ಮನೆಗೆ ಹೋಗಿ, ಅಳೆಯುವ ಪಡಿಯ ತುಂಬ ರಾಗಿ ತಂದು, ನಿಂತ ಜರಡಿಗೆ ಸುರಿಯಲಾಗದೆ ಕೋಲಿನ ಬುಡಕ್ಕೆ ಒತ್ತಿಟ್ಟು, ಅರಿಶಿನದ ದಾರದಿಂದ ಪಡಿಯನ್ನೂ ಕೋಲನ್ನೂ ಸೇರಿಸಿ ಬಿಗಿದರು. ಕೋಲು ಅಲುಗಾಡುವುದನ್ನು ನಿಲ್ಲಿಸಿತು. ಸಿಗ್ನಲ್ ನಾಲ್ಕು ಕಡ್ಡಿಗೇರಿತು. ಇನ್ನು ಮುಂದೆ ಸಿಗ್ನಲ್ ಕೋಲಿಗೆ ಒಂದು ಪಡಿ ರಾಗಿಯನ್ನು ಕಡ್ಡಾಯಗೊಳಿಸಲಾಗಿದೆ. ಸಾಮೆಯ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ.

7. ಹದಿನಾಲ್ಕನೆಯ ನಿಮಿಷದವರೆಗೆ ಶಶಿಕಲಾ ಅವರು ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರಿಸಿದರು. ಆದರೆ ರಾಗಿ ಇರುವೆಡೆಗೆ ಆಡು ಬರುತ್ತದೆ ಎಂಬ ಅಂಶವನ್ನು ಗಣತಿ ವಿಭಾಗವು ಮುಂದಾಗಿ ಗಮನಿಸದಿರುವುದು ವಿಷಾದನೀಯ. ಕರಿಯಪ್ಪ ಅವರ ಭೂಪತಿ ಎಂಬ ಹೆಸರಿನ ಹೋತವು ಕಟ್ಟೆಯನ್ನು ಹತ್ತಿತು. ಪಡಿಗೆ ಬಾಯಿ ಹಾಕಿತು. ಕೋಲು ವಾಲಿತು. ಅದೇ ಕ್ಷಣದಲ್ಲಿ ಪರದೆಯ ಮೇಲೆ ಸಹಾಯಕ ನಿರ್ದೇಶಕರ ಮುಖವು ಬಾಯಿ ತೆರೆದಂತೆಯೇ ನಿಂತುಹೋಯಿತು. ಮುಂದಿನದಕ್ಕೆ ಕಂಡಿಕೆ 9ನ್ನು ನೋಡುವುದು.

8. ಸಿಬ್ಬಂದಿಯು ಸಾಂದರ್ಭಿಕ ರಜೆಯ ಅರ್ಜಿಗಳನ್ನು ಮೂರು ದಿನ ಮುಂಚಿತವಾಗಿ ಸಲ್ಲಿಸತಕ್ಕದ್ದೆಂದು ಮತ್ತೊಮ್ಮೆ ನೆನಪಿಸಲಾಗಿದೆ. ಆತುರಪಟ್ಟು ಈ ಕಂಡಿಕೆಯನ್ನು ಬಿಟ್ಟು ಮುಂದಕ್ಕೆ ಹೋದವರ ಮೇಲೆ ಕ್ರಮ ಜರುಗಿಸಲಾಗುವುದು.

9. ರಾಮಕ್ಕನವರು ಒಂದು ಕೈಯಲ್ಲಿ ಕೋಲನ್ನೂ ಇನ್ನೊಂದು ಕೈಯಲ್ಲಿ ಭೂಪತಿಯ ಕಿವಿಯನ್ನೂ ಹಿಡಿದರು. ಶಶಿಕಲಾ ಅವರು ಮಾತ್ರ ಎಲ್ಲವೂ ಮುಗಿಯಿತೆಂದು ತಿಳಿದು ಲ್ಯಾಪ್‌ಟಾಪನ್ನು ಮುಚ್ಚಲು ಕೈಯೆತ್ತಿದ್ದರು. ಆರು ವರ್ಷ ನಡೆದ ಗುಡ್ಡಗಳೆಲ್ಲ ಆಕೆಯ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಲ್ಯಾಪ್‌ಟಾಪಿನಿಂದ, ಕೇಳಿಸುತ್ತದೆಯೇ ಎಂಬ ಅರ್ಥದಲ್ಲಿ, “ಶಶಿಕಲಾ, ಕೇಕ್ಕುದಾ?” ಎಂಬ ಕಲೈವಾಣಿ ಅವರ ಧ್ವನಿ ಬಂತು. ಶಶಿಕಲಾ ಅವರು “ಕೇಕ್ಕುದು ಮೇಡಂ” ಎಂದರು. ಎತ್ತಿನಗುಂಡು ಕಡಿದಿರಲಿಲ್ಲ.

10. ಕಡಿದದ್ದು ಸೇಲಂ. ದಾಖಲೆಯನ್ನು ಪರಿಶೀಲಿಸಲಾಗಿ, ಸಹಾಯಕ ನಿರ್ದೇಶಕರು ಬಿಸಿಲು ತಪ್ಪಿಸಲು ಎರಡು ಕಬ್ಬಿಣದ ಬೀರುಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದುದೂ, ಅವರ ಸಂಪರ್ಕವು ಮೂರು, ಒಂಬತ್ತು ಹಾಗೂ ಹದಿನಾಲ್ಕನೆಯ ನಿಮಿಷಗಳಲ್ಲಿ ಕಡಿದಿದ್ದುದೂ ಕಂಡುಬಂದಿದೆ. ಹದಿನಾಲ್ಕರ ನಂತರ ಅವರು ಮರಳಲಿಲ್ಲ. ಉಳಿದ ಸಂದರ್ಶನವನ್ನು ಕಲೈವಾಣಿ ಅವರು ಮುಂದುವರಿಸಿದರು.

11. ಕೊನೆಯ ಪ್ರಶ್ನೆ: ಈ ಹೊತ್ತಿಗೆ ಗ್ರಾಮದಲ್ಲಿರುವ ಆಡುಗಳೆಷ್ಟು? ಶಶಿಕಲಾ ಅವರು ಮುನ್ನೂರ ಹದಿನಾಲ್ಕು ಎಂದರು. ಕರಿಯಪ್ಪ ಅವರು ಪರದೆಯೊಳಗೆ ತಲೆ ತೂರಿಸಿ, “ತಪ್ಪು ಮೇಡಂ! ಮುನ್ನೂರ ಅದಿಮೂರೇ. ನಮ್ ಕಪ್ಪಿ ಬೆಳಗ್ಗೆ ಈದೈತೆ, ಒಂದೇ ಮರಿ” ಎಂದು ತಕರಾರು ತೆಗೆದರು. ಹುಟ್ಟಿದ ದಿನವೇ ಎಣಿಸಿದರೆ ಮರಿಗೆ ದೃಷ್ಟಿಯಾಗುತ್ತದೆಂಬ ನಂಬಿಕೆ ಆ ಕಡೆ ಇರುವುದನ್ನು ಇಲ್ಲಿ ದಾಖಲಿಸಲಾಗಿದೆ. ಶಶಿಕಲಾ ಅವರು ತಿರುಗಿಯೂ ನೋಡದೆ, “ಎರಡು ಆಕೈತೆ ಕಣಣ್ಣಾ. ಇನ್ನೊಂದು ನಿನ್ನ ಟವಲ್ನಾಗೆ ಮಲಗೈತೆ” ಎಂದರು. ಟವೆಲ್ಲು “ಮ್ಯಾ” ಎಂದಿತು. ರಾಮಕ್ಕನವರು, “ಥೂ ನಿನ್ನ, ಅಮ್ಮನ ಕಟ್ಟೆ ಮ್ಯಾಲೆ ಸುಳ್ಳು ಯೋಳ್ತೀಯಾ!” ಎಂದದ್ದನ್ನು ಇಲಾಖೆಯ ಅಭಿಪ್ರಾಯವೆಂದು ಭಾವಿಸತಕ್ಕದ್ದಲ್ಲ. ಉತ್ತರವನ್ನು ಸರಿಯೆಂದು ಪರಿಗಣಿಸಲಾಯಿತು.

12. ಆದೇಶ: ಕುಮಾರಿ ಶಶಿಕಲಾ ಅವರನ್ನು ಆ ದಿನದಿಂದಲೇ ಖಾಯಂಗೊಳಿಸಲಾಗಿದೆ. ಮೂರು ಬಾರಿ ಸಂಪರ್ಕ ಕಡಿದುಕೊಂಡವರು ಅಭ್ಯರ್ಥಿಯೇ ಆಗಿರಬೇಕೆಂದು ನಿಯಮದಲ್ಲಿ ಎಲ್ಲಿಯೂ ಹೇಳಿಲ್ಲವಾದ್ದರಿಂದ, ಶ್ರೀ ಹಯಗ್ರೀವ ಅವರನ್ನು ಸದರಿ ದಿನಕ್ಕೆ ಗೈರುಹಾಜರೆಂದು ನಮೂದಿಸಲಾಗಿದೆ. ಅವರ ಹುದ್ದೆಯನ್ನು ರದ್ದುಪಡಿಸುವ ಬಗ್ಗೆ ಅವರದೇ ಅಭಿಪ್ರಾಯವನ್ನು ಕೋರಲಾಗಿದ್ದು, ಉತ್ತರ ತಲುಪಿರುವುದಿಲ್ಲ. ಅಲ್ಲಿಯವರೆಗೆ ಸುತ್ತೋಲೆಗಳನ್ನು ಸಂಪರ್ಕವಿರುವ ಕಚೇರಿಯಿಂದಲೇ ಹೊರಡಿಸಲು ಅಧೀಕ್ಷಕರು ಸೂಚಿಸಿರುತ್ತಾರೆ.

ಸಹಿ/–
ಶಶಿಕಲಾ
ಖಾಯಂ ಕ್ಷೇತ್ರ ಸಹಾಯಕಿ ಹಾಗೂ ಪ್ರಭಾರ ಸಹಾಯಕ ನಿರ್ದೇಶಕರು
ಸ್ಥಳ: ಸಪ್ಪಲಮ್ಮನ ಕಟ್ಟೆ, ಎತ್ತಿನಗುಂಡು

ಪ್ರತಿಗಳು:
– ಶ್ರೀಮತಿ ಕಲೈವಾಣಿ, ಅಧೀಕ್ಷಕರು, ಮಹಡಿ ಮೆಟ್ಟಿಲು, ಸೇಲಂ. ಅಲ್ಲಿಂದ ಏಳಬಾರದೆಂಬ ಕೋರಿಕೆಯೊಂದಿಗೆ.
– ಶ್ರೀಮತಿ ರಾಮಕ್ಕ. ಓದಿ ಹೇಳಲಾಗಿದೆ, ಎರಡು ತಿದ್ದುಪಡಿ ಸೂಚಿಸಿದ್ದು, ಎರಡನ್ನೂ ಅಂಗೀಕರಿಸಲಾಗಿದೆ.
– ಶ್ರೀ ಕರಿಯಪ್ಪ. ಎರಡೂ ಮರಿಗಳು ಕ್ಷೇಮವಾಗಿರಲೆಂಬ ಇಲಾಖೆಯ ಹಾರೈಕೆಯೊಂದಿಗೆ.
– ಓಮಲೂರು ಮತ್ತು ಕಾರಿಮಂಗಲಂ ಉಪಕಚೇರಿಗಳು. ಜರಡಿ ಖರೀದಿಗೆ ಮುನ್ನ ಕಟ್ಟೆ ಹುಡುಕುವ ಸಲುವಾಗಿ.
– ಶ್ರೀ ಹಯಗ್ರೀವ, ಬೀರುಗಳ ನಡುವೆ, ಸೇಲಂ. ಮಿಂಚಂಚೆ ಹಿಂದಿರುಗಿದ್ದರಿಂದ ಪೆನ್ನಾಗರಂ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮುದ್ದಾಂ. ಒಂದು ದಿನದ ರಜೆ ಅರ್ಜಿ ನಮೂನೆ ಲಗತ್ತಿಸಿದೆ.