ಸದ್ದಿಲ್ಲದ ಗಾಲಿ

ಹೊಸದಾಗಿ ಮದುವೆಯಾದವರಿಗೆ ಆಷಾಢವೆಂಬುದನ್ನು ಗಂಟುಹಾಕಿದ ಮಹಾನುಭಾವನಿಗೆ ಹೆಂಡತಿ ಇದ್ದಿರಲಾರಳು. ಇದ್ದಿದ್ದರೆ ಅವಳ ಮೇಲೆ ಅವನಿಗೆ ಮನಸ್ಸಿರಲಿಲ್ಲವೆಂದು ಯಾರೆದುರಿಗೆ ಬೇಕಾದರೂ ಹೇಳುತ್ತೇನೆ. ಮದುವೆಯಾಗಿ ಮೂರು ತಿಂಗಳಾಗಿತ್ತಷ್ಟೆ. ನನ್ನ ಗಿರಿಜೆಯನ್ನು ಮೊಳಕಾಲ್ಮೂರಿನ ತವರಿಗೆ ಕರೆದೊಯ್ದರು. ತಿಂಗಳು ಮುಗಿಯುವವರೆಗೆ ಅಳಿಯ ಅತ್ತೆಯ ಹೊಸ್ತಿಲು ತುಳಿಯಕೂಡದೆಂದು ನನ್ನನ್ನು ಚಳ್ಳಕೆರೆಯಲ್ಲೇ ಬಿಟ್ಟರು. ನಾನು ಸ್ಕೂಲು ಮೇಷ್ಟ್ರು. ನಾನೊಮ್ಮೆ ಕೆಮ್ಮಿದರೆ ಮೂರು ತರಗತಿಗಳು ತೆಪ್ಪಗಾಗುತ್ತಿದ್ದವು. ಅಂಥವನು ಆ ತಿಂಗಳು ಹಲಗೆಯ ಮೇಲೆ ಅರ್ಧ ಲೆಕ್ಕ ಬರೆದು, ಕಿಟಕಿಯಾಚೆಯ ದಾರಿ ನೋಡುತ್ತ ನಿಂತುಬಿಡುತ್ತಿದ್ದೆ. ಅವಳಿಲ್ಲದ ಮನೆಗೆ ಹೋಗುವುದೇ ಬೇಡವೆನಿಸುತ್ತಿತ್ತು.

ಹೊಸ್ತಿಲು ತುಳಿಯಬಾರದು, ಒಪ್ಪಿದೆ. ಬೀದಿ ತುಳಿಯಬಾರದೆಂದು ಯಾವ ಪಂಚಾಂಗದಲ್ಲಿದೆ? ನನ್ನಲ್ಲೊಂದು ಒಂದೆತ್ತಿನ ಸವಾರಿ ಬಂಡಿಯಿತ್ತು. ಹಗುರವಾದದ್ದು, ಓಟಕ್ಕೆ ಹೆಸರಾದದ್ದು. ಗಾಲಿಗಳ ಸುತ್ತಿನ ಕಬ್ಬಿಣದ ಪಟ್ಟಿ ಸವೆದು ಸಡಿಲವಾಗಿ ಅದು ಹೋದಲ್ಲೆಲ್ಲ ಕಡಕಡ ಸದ್ದು. ತವರಿಗೆ ಹೊರಡುವಾಗ ಗಿರಿಜೆ ಮೆಲ್ಲಗೆ ಹೇಳಿದ್ದಳು: "ಈ ಸದ್ದು ಎಲ್ಲಿದ್ರೂ ಗುರುತು ಹಿಡೀತೀನಿ. ಬೀದ್ಯಾಗೆ ಕೇಳಿದ್ರೆ ಸಾಕು, ಜಗಲಿಗೆ ಬರ್ತೀನಿ." ಅವಳು ಜಗಲಿಯಲ್ಲಿ, ನಾನು ಬಂಡಿಯಲ್ಲಿ. ಒಂದು ನೋಟ ಸಿಕ್ಕಿದರೆ ಉಳಿದ ಆಷಾಢವನ್ನು ಹೇಗೋ ನೂಕುತ್ತಿದ್ದೆ.

ಹೊರಡುವ ಮುನ್ನ ಬಂಡಿಯನ್ನು ಕಮ್ಮಾರ ವೀರಾಚಾರಿಗೆ ತೋರಿಸಿದ್ದೇ ನಾನು ಮಾಡಿದ ತಪ್ಪು.

"ಏನ್ ಮೇಷ್ಟ್ರೇ, ಪಟ್ಟಿ ಹಪ್ಪಳ ಆಗೈತಲ್ರೀ! ದಾರ್ಯಾಗೆ ಕಳಚ್ಕೊಂಡ್ರೆ ಎತ್ತಿನ ಜತಿಗೆ ನೀವೂ ಎಳೀಬೇಕಾಗ್ತೈತೆ. ಎಲ್ಲಿಗೆ ಹೊಂಟ್ರಿ?"

"ರಾಂಪುರಕ್ಕೆ. ಸ್ಕೂಲಿನ ಕೆಲಸ."

ರಾಂಪುರ ಇರುವುದು ಮೊಳಕಾಲ್ಮೂರಿನ ಆಚೆ. ವೀರಾಚಾರಿ ತಿದಿ ಒತ್ತುತ್ತ ನಕ್ಕ. "ಆಷಾಢದಾಗೆ ಹೊಸ ಅಳಿಯಂದಿರಿಗೆಲ್ಲ ಆ ಕಡೀಗೇ ಕೆಲ್ಸ ಬೀಳ್ತೈತೆ ಬಿಡ್ರಿ."

ನನ್ನ ಕಿವಿ ಕೆಂಪಾಯಿತು. ಅವನು ಹೊಸ ಪಟ್ಟಿಯನ್ನು ಬಳೆಯಂತೆ ಬಗ್ಗಿಸಿ, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ ನೀರು ಸುರಿದ. ಭುಸ್ಸೆಂದು ಹೊಗೆಯೆದ್ದು ಕಬ್ಬಿಣ ಮರವನ್ನು ಬಿಗಿಯಾಗಿ ಕಚ್ಚಿತು. ಹೊಳೆಯುವ ಗಾಲಿ ನೋಡಿ ಗಿರಿಜೆ ಎಷ್ಟು ಹಿಗ್ಗುತ್ತಾಳೋ ಎಂದುಕೊಂಡೆ. ಜಂಬ ಬೇರೆ!

ದಾರಿಯಲ್ಲಿ ಒಂದು ರಾತ್ರಿ ತಂಗಿ ಮರುದಿನ ಸಂಜೆ ಮೊಳಕಾಲ್ಮೂರು ಸೇರಿದೆ. ಬೀದಿಯ ತುಂಬ ಮಗ್ಗದ ಸದ್ದು. ಬಿಗಿ ಪಟ್ಟಿಯ ನನ್ನ ಬಂಡಿಗೆ ಮಾತ್ರ ಉಸಿರೇ ಇಲ್ಲ. ಅವಳ ಮನೆ ಬಂತು, ಜಗಲಿ ಖಾಲಿ. ತಿರುಗಿ ಬಂದೆ, ಆಗಲೂ ಖಾಲಿ. ಮೂರನೆಯ ಸಲಕ್ಕೆ ಬಾಗಿಲು ತೆರೆಯಿತು. ಹಗ್ಗ ಜಗ್ಗಿ ಬಂಡಿ ನಿಲ್ಲಿಸಿದೆ. ಬಂದವರು ಸಾಕ್ಷಾತ್ ಅತ್ತೆ! ಆಷಾಢದ ಅಳಿಯನನ್ನು ಕಂಡು "ಅಯ್ಯೋ ಶಿವನೇ!" ಎಂದು ಸೆರಗು ಮುಖಕ್ಕೆಳೆದು, ಧಡಾರನೆ ಬಾಗಿಲು ಹಾಕಿ ಅಗಳಿ ಜಡಿದರು.

ಎದುರುಮನೆ ಅಜ್ಜಿ ಜಗಲಿಯಿಂದ ಕೂಗಿದಳು: "ಏನಪ್ಪಾ, ದಾರಿ ತಪ್ಪೈತೇನು? ಮೂರ್ ಸಲ ಆತು!"

"ರಾಂಪುರಕ್ಕೆ," ಎಂದೆ. ಅಜ್ಜಿ ಕಣ್ಣಿಟ್ಟು ನೋಡುತ್ತಿದ್ದಳಾದ್ದರಿಂದ ರಾಂಪುರಕ್ಕೇ ಹೋಗಬೇಕಾಯಿತು. ಅಲ್ಲಿ ನನಗೆ ಒಂದು ಕೆಲಸವೂ ಇರಲಿಲ್ಲ. ಅಷ್ಟು ಹತ್ತಿರ ಹೋಗಿ ಅವಳನ್ನು ನೋಡದೆ ಬಂದ ಆ ದಿನದ ಸಂಕಟ ಇವತ್ತಿಗೂ ನೆನಪಿದೆ.

ಶ್ರಾವಣದಲ್ಲಿ ಗಿರಿಜೆ ಬಂದಳು. ನನ್ನ ಪಾಡನ್ನೆಲ್ಲ ಹೇಳಿಕೊಂಡೆ. ಅವಳ ಕಣ್ಣು ತುಂಬಿತು.

"ಬಾಗಿಲ ಹಿಂದೇನೇ ಹೂ ಕಟ್ತಾ ಕುಂತಿದ್ನಲ್ರೀ! ತಿಂಗಳಿಡೀ ಆ ಕಡಕಡ ಸದ್ದಿಗೇ ಕಿವಿ ಕೊಟ್ಟಿದ್ದೆ. ಅವ್ವ ಅಗಳಿ ಜಡಿದ ಮ್ಯಾಲೇ ನೀವು ಬಂದಿದ್ದು ಗೊತ್ತಾಗಿದ್ದು." ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಅಲ್ಲಾ ರೀ, ಸ್ಕೂಲಿನಾಗೆ ದಿನಾ ನೂರು ಸಲ ಕೆಮ್ತೀರಿ. ನಮ್ಮನೆ ಮುಂದೆ ಒಂದೇ ಒಂದ್ ಸಲ ಕೆಮ್ಮಿದ್ರೆ ಏನಾಗ್ತಿತ್ತು?"

ಉತ್ತರ ಹೇಳಲು ಬಾಯಿ ತೆರೆದೆ. ಬಂದದ್ದು ಕೆಮ್ಮು.