ನನ್ನ ಗಂಟಲಿನ ಅಭಿಪ್ರಾಯಗಳು

ಗಂಟಲು ಇರುವುದು ನುಂಗಲಿಕ್ಕೆ ಮತ್ತು ಮಾತಾಡಲಿಕ್ಕೆ ಎಂದೇ ನಾನೂ ನಂಬಿದ್ದೆ. ಅದಕ್ಕೆ ಸ್ವಂತ ಹಟವೂ ಇರುತ್ತದೆ ಎಂದು ಗೊತ್ತಾದದ್ದು ಆಪರೇಶನ್ ಆದ ಮೇಲೆ. ವರ್ಷಗಟ್ಟಲೆ ನನಗೆ ಎದೆಯುರಿ, ಹುಳಿತೇಗು. ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಆಸಿಡ್ ಡ್ರಮ್ಮುಗಳನ್ನು ಕಾಯುತ್ತ ಕಾಯುತ್ತ ನಾನೇ ಒಂದು ಡ್ರಮ್ಮಾದೆ ಎಂದು ಹೆಂಡತಿ ಸುಮತಿ ಹೇಳುತ್ತಿದ್ದಳು. ನಿವೃತ್ತಿಯಾದ ಮೇಲೆ ಠಾಣೆ ಶಹರದ ಡಾಕ್ಟರೊಬ್ಬರು ಜಠರದ ಬಾಯನ್ನು ಬಿಗಿ ಮಾಡಿ ಕಳಿಸಿದರು. ಉರಿ ಹೋಯಿತು. ಮೂರು ದಿಂಬು ಬಿಟ್ಟು ಒಂದರಲ್ಲಿ ಮಲಗುವ ಭಾಗ್ಯ ಬಂತು. ಆದರೆ ಈ ಸುದ್ದಿಯನ್ನು ಗಂಟಲಿಗೆ ಯಾರೂ ತಿಳಿಸಲಿಲ್ಲ. ಅಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಗಳಿಗೆಗೊಮ್ಮೆ "ಖ್ಹೂಂ" ಎನ್ನದೆ ನಿರ್ವಾಹವಿಲ್ಲ.

ಲಾಭವೂ ಇತ್ತು ಅನ್ನಿ. ಲೋಕಲ್ ಟ್ರೇನಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ತುದಿಯಲ್ಲಿ ತೂಗಾಡುವಾಗ ಎರಡು ಸಲ ಖ್ಹೂಂ ಎಂದರೆ ಸಾಕು, ಪಕ್ಕದವನು ಮೂಗಿಗೆ ಕರ್ಚೀಫು ಹಿಡಿದು ಎದ್ದೇ ಹೋಗುತ್ತಾನೆ. ತೊಂದರೆ ಬಂದದ್ದು ಮನೆಯಲ್ಲಿ. ಉಡುಪಿ ಕಡೆಯ ನಮ್ಮ ಹಿರಿಯರು ಅಡಿಗೆಮನೆಯ ಬಾಗಿಲಿಗೆ ಬರುವ ಮೊದಲು ಗಂಟಲು ಸರಿಮಾಡಿ ಸೂಚನೆ ಕೊಡುತ್ತಿದ್ದರು, ಅದು ಮರ್ಯಾದೆ. ನಮ್ಮ ಫ್ಲ್ಯಾಟಿನಲ್ಲಿ ಎಲ್ಲಿ ನಿಂತರೂ ಅದು ಅಡಿಗೆಮನೆಯ ಬಾಗಿಲೇ. ಹಾಗಾಗಿ ನನ್ನ ಖ್ಹೂಂ ಸುಮತಿಯ ಕಿವಿಗೇ ಬೀಳುವುದಿಲ್ಲ. ಆದರೆ ಮಗ ಪ್ರಶಾಂತನನ್ನು ಮದುವೆಯಾಗಿ ಹೊಸದಾಗಿ ಬಂದ ಸೊಸೆ ಕೇತಕಿ ಕಲ್ಯಾಣದ ಮರಾಠಿ ಮನೆಯವಳು. ನಾನು ಖ್ಹೂಂ ಎಂದರೆ ಅವಳು ಟಿವಿ ಆರಿಸುತ್ತಿದ್ದಳು, ಫೋನಿನಲ್ಲಿ ನಗುತ್ತಿದ್ದವಳು ನಗು ನಿಲ್ಲಿಸುತ್ತಿದ್ದಳು. ಎಂಥ ವಿನಯದ ಹುಡುಗಿ ಎಂದು ನಾನು ಹಿಗ್ಗುತ್ತಿದ್ದೆ.

ಒಂದು ಶನಿವಾರ ಸುಮತಿ ನನ್ನ ಮುಂದೆ ಚಹಾ ಕುಕ್ಕಿದಳು. "ಮಕ್ಕಳು ಘೋಡಬಂದರ್ ರೋಡಿಗೆ ಬೇರೆ ಫ್ಲ್ಯಾಟ್ ನೋಡ್ಲಿಕ್ಕೆ ಹೋಗಿದ್ದಾರೆ, ಗೊತ್ತುಂಟಾ?"

"ಪ್ರಶಾಂತನಿಗೆ ಮಹಾಪೆಯ ಆಫೀಸು ಇಲ್ಲಿಂದ ದೂರವಾಯ್ತಾ?"

"ಆಫೀಸಲ್ಲ ಮಾರಾಯ್ರೆ, ನಿಮ್ಮ ಗಂಟಲು! ಅವಳು ಏನು ಮಾಡಿದರೂ ಮಾವನಿಗೆ ಆಗುವುದಿಲ್ಲ ಅಂತ ಆ ಹುಡುಗಿ ಅಳ್ತದೆ."

ನನಗೆ ನಿಜವಾಗಿ ಸಂಕಟವಾಯಿತು. ಮನೆಯಲ್ಲಿ ಹೆಣ್ಣುಮಗಳೊಬ್ಬಳು ಓಡಾಡಬೇಕೆಂದು ಆಸೆಪಟ್ಟವನು ನಾನೇ. ಮರುದಿನ ಸಮಾಧಾನದ ಭಾಷಣವನ್ನು ಮನಸ್ಸಿನಲ್ಲೇ ತಯಾರಿಸಿಕೊಂಡು ಹೋಗಿ, "ಕೇತಕೀ, ಬಾಳಾ, ಮಗೂ…" ಎಂದೆ. ಮುಂದಿನ ಮಾತಿಗೆ ಮೊದಲೇ "ಖ್ಹೂಂ" ಬಂತು. ಅವಳು ತಿನ್ನುತ್ತಿದ್ದ ಪಿಜ್ಜಾವನ್ನು ಡಬ್ಬಿಯೊಳಗಿಟ್ಟು ಎದ್ದಳು.

ಬೇರೆ ದಾರಿ ಕಾಣದೆ, "ಸುಮತಿಗೆ ಮೊಣಕಾಲು ನೋವು, ನೀನು ಬಾ" ಎಂದು ಕೇತಕಿಯನ್ನೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕೂತ ಐದು ನಿಮಿಷದಲ್ಲಿ ಡಾಕ್ಟರಿಗೆ, ನರ್ಸಿಗೆ, ಗೋಡೆಯ ಮೇಲಿನ ಜಠರದ ಚಿತ್ರಕ್ಕೆ, ಎಲ್ಲರಿಗೂ ಖ್ಹೂಂ ಸಲ್ಲಿಸಿದೆ. "ಆಪರೇಶನ್ ಚೆನ್ನಾಗಿದೆ. ಗಂಟಲು ಮಾತ್ರ ಹಳೆಯದನ್ನು ಮರೆತಿಲ್ಲ. ನೀವು ಸರಿಮಾಡಿದಷ್ಟೂ ಅದು ಕೆರಳುತ್ತದೆ. ಬಂದಾಗ ಬಿಸಿನೀರು ಗುಟುಕರಿಸಿ" ಎಂದರು ಡಾಕ್ಟರು. ಕೇತಕಿ ನನ್ನನ್ನೇ ನೋಡುತ್ತಿದ್ದಳು. ಲಿಫ್ಟಿನಲ್ಲಿ ಮೆಲ್ಲಗೆ ಕೇಳಿದಳು.

"ಬಾಬಾ, ನಾನು ಜೀನ್ಸ್ ಹಾಕಿದಾಗ?"

"ಗಂಟಲು."

"ನಿನ್ನೆ ಪಿಜ್ಜಾ?"

"ಅದೂ ಗಂಟಲು."

"ಆಣಿ, ಮತ್ತೆ, ನನ್ನ ಆಯಿ ಬಂದಾಗ?"

"ದೇವರಾಣೆ ಗಂಟಲು!"

ಅವಳು ಗೋಡೆಗೆ ಒರಗಿ ನಕ್ಕಳು. ಮದುವೆಯಾದ ಮೇಲೆ ಅವಳು ಅಷ್ಟು ದೊಡ್ಡದಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಘೋಡಬಂದರ್ ಫ್ಲ್ಯಾಟಿನ ಮಾತು ಆಮೇಲೆ ಎದ್ದಿಲ್ಲ.

ಈಗ ಮನೆ ತುಂಬ ಗಲಗಲ. ಗಂಟಲು ಇನ್ನೂ ಹಾಗೆಯೇ ಇದೆ, ಇರಲಿ. ಮೊನ್ನೆ ಭಾನುವಾರ ಕೇತಕಿ ನಮ್ಮ ತೊಗರಿಬೇಳೆ ಸಾರಿಗೆ ತನ್ನ ಮರಾಠಿ ತವರಿನ ಗೋಡಾ ಮಸಾಲೆ ಸುರಿದು ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟವನೇ, ಉಡುಪಿಯ ಮಾನ ಉಳಿಸಲೆಂದು, ಮನಸ್ಸಿಟ್ಟು, ಪೂರ್ತಿ ಬೇಕೆಂದೇ "ಖ್ಹೂಂ" ಎಂದೆ.

"ಪಾಪ, ಗಂಟಲು!" ಎಂದಳು ಕೇತಕಿ. ಬಿಸಿನೀರು ತಂದಿಟ್ಟು, "ಸಾರೂ ಬಿಸಿ ಉಂಟು, ಗಂಟಲಿಗೆ ಒಳ್ಳೇದು" ಎಂದು ಇನ್ನೆರಡು ಸೌಟು ಬಡಿಸಿದಳು. ಸುಮತಿ ತಟ್ಟೆ ನೋಡುತ್ತ ನಗು ನುಂಗುತ್ತಿದ್ದಳು. ನಾನು ಸಾರನ್ನು ನುಂಗಿದೆ.