ಕಿವಿ ಹಿಡಿದುಕೊಳ್ಳಿ ಸರ್

ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷದಿಂದ ಸಹಾಯಕ ಎಂಜಿನಿಯರ್. ಬಾಯ್ಲರ್ ಪಕ್ಕ ನಿಂತು ಬರೀ ಸದ್ದು ಕೇಳಿಯೇ ಎಲ್ಲಿ ಸೋರುತ್ತಿದೆ ಎಂದು ಹೇಳಬಲ್ಲೆ. ಬಾಯ್ಲರಿನ ಕಳ್ಳಾಟವನ್ನೇ ಹಿಡಿಯುವವನಿಗೆ ಮನುಷ್ಯರು ಯಾವ ಲೆಕ್ಕ?

ಒಂದು ದಿನ ಊಟದ ಹೊತ್ತಿನಲ್ಲಿ ಫೋನ್ ಬಂತು. ಅಪರ್ಣಾ ಎಂಬ ಹೆಣ್ಣುಮಗಳು ಬಹಳ ದೊಡ್ಡ ಕಂಪನಿಯೊಂದರ ಹೆಸರು ಹೇಳಿದಳು. ಹೊಸ ಘಟಕಕ್ಕೆ ಎಂಜಿನಿಯರಿಂಗ್ ಮ್ಯಾನೇಜರ್ ಬೇಕಂತೆ. ನನ್ನ ಅರ್ಜಿ ಹಿಡಿಸಿದೆಯಂತೆ. ನಾಲ್ಕು ಸುತ್ತು ಸಂದರ್ಶನವಂತೆ.

ಅರ್ಜಿ ಹಾಕಿದ್ದೇನೋ ನಿಜ. ನನ್ನ ಹೆಂಡತಿ ಸುಧಾ ಬೆನ್ನು ಹತ್ತಿ ಹಾಕಿಸಿದ್ದಳು. ಆದರೆ ಇಷ್ಟು ವರ್ಷಗಳಲ್ಲಿ ನನ್ನ ಯಾವ ಅರ್ಜಿಗೂ ಯಾರೂ ಉತ್ತರ ಕೊಟ್ಟವರಲ್ಲ. ಕೊಟ್ಟಿದ್ದಾರೆಂದರೆ ಅದರಲ್ಲೇನೋ ಇದೆ! ಒಳಗೊಳಗೇ ಆಸೆ ಹುಟ್ಟಿದ್ದೂ ಸುಳ್ಳಲ್ಲ. ಮ್ಯಾನೇಜರ್ ಎಂದು ಬರೆದ ಬಾಗಿಲ ಹಿಂದೆ ಕೂರುವ ಕನಸು ನನಗೂ ಇತ್ತು. ಆಸೆ ಹೆಚ್ಚಾದಷ್ಟೂ ಅನುಮಾನವೂ ಹೆಚ್ಚಾಯಿತು.

ಸುಧಾ ತಿ. ನರಸೀಪುರದ ಹೈಸ್ಕೂಲಿನಲ್ಲಿ ಟೀಚರ್, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳ ತಮ್ಮ ಲೋಕೇಶ ಅದೇ ಊರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅನುಮಾನದ ವಿಷಯದಲ್ಲಿ ಅವನು ನನಗೂ ಗುರು. ಸುದ್ದಿ ಹೇಳಿದ ಕೂಡಲೇ, ಇದು ಪಕ್ಕಾ ಮೋಸದ ಜಾಲ, ನಿಜವಾದ ವಿವರ ಒಂದನ್ನೂ ಬಾಯಿ ಬಿಡಬೇಡಿ ಎಂದು ಎಚ್ಚರಿಸಿದ. ಸುಧಾ ಮಾತ್ರ, ಬಂದ ಅದೃಷ್ಟವನ್ನು ಬಾಗಿಲಲ್ಲೇ ನಿಲ್ಲಿಸಿ ಪಂಚನಾಮೆ ಮಾಡಬೇಡಿ ಎಂದಳು. ನಾನು ಬಾಮೈದನ ಪಕ್ಷ ಸೇರಿದೆ.

ಮೊದಲ ಸುತ್ತಿನಲ್ಲಿ ಅಪರ್ಣಾ ಹುಟ್ಟಿದ ತಾರೀಖು ಕೇಳಿದಳು. ಬಾಯಿಗೆ ಬಂದ ಒಂದು ತಾರೀಖನ್ನು ಧೈರ್ಯವಾಗಿ ಹೇಳಿದೆ. ಆಮೇಲೆ ಕೂಡಿ ಕಳೆದು ನೋಡಿದರೆ, ಆ ಪ್ರಕಾರ ನಾನು ಒಂಬತ್ತನೇ ವಯಸ್ಸಿಗೇ ಎಂಜಿನಿಯರಿಂಗ್ ಮುಗಿಸಿದ್ದೆ.

ಎರಡನೇ ಸುತ್ತು ಫೋನಿನಲ್ಲೇ, ಒಬ್ಬ ತಾಂತ್ರಿಕ ಅಧಿಕಾರಿಯ ಜೊತೆ. ನಿಮ್ಮ ಕೈಕೆಳಗೆ ಎಷ್ಟು ಜನ ಇದ್ದಾರೆ ಎಂದು ಅವರು ಕೇಳಿದರು. ಅದು ಗೋಪ್ಯ ಎಂದೆ. ರಾತ್ರಿ ಪಾಳಿಯಲ್ಲಿ ಯಂತ್ರ ನಿಂತರೆ ಏನು ಮಾಡುತ್ತೀರಿ ಎಂದರು. ಅದೂ ಗೋಪ್ಯ. ನೀವು ಮಾಡಿದ ಒಂದು ತಪ್ಪನ್ನಾದರೂ ಹೇಳಿ ಎಂದರು. ಅಂಥದ್ದು ನಡೆದಿಲ್ಲ ಎಂದೆ. ಅವರು ವಂದನೆ ಹೇಳಿ ಫೋನ್ ಇಟ್ಟರು.

ಮರುದಿನ ನಾನು ಪಾಸು!

ಈಗಂತೂ ಸಂಶಯವೇ ಉಳಿಯಲಿಲ್ಲ. ಏನೂ ಹೇಳದವನನ್ನು ಪಾಸು ಮಾಡುವವರು ಕಳ್ಳರಲ್ಲದೆ ಇನ್ನಾರು? ಗುಟ್ಟು ಬಿಡದ ಮನುಷ್ಯ ಎಂದು ಮೆಚ್ಚಿಕೊಂಡಿರಬಹುದಲ್ಲ ಎಂದು ಸುಧಾ ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ.

ಮೂರನೇ ಸುತ್ತು ವಿಡಿಯೋದಲ್ಲಿ. ನಮ್ಮ ಬೀದಿ ಅಗೆದು ಇಂಟರ್‌ನೆಟ್ ಹೋಗಿದ್ದರಿಂದ ಲೋಕೇಶನ ಅಂಗಡಿಗೆ ಹೋದೆ. ಗೊಬ್ಬರದ ಮೂಟೆಗಳ ಮುಂದೆ ಟೈ ಕಟ್ಟಿಕೊಂಡು ಕೂತೆ. ತೆರೆಯ ಮೇಲೆ ಬಂದವರು ಕಂಪನಿಯ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರು, ರಾಜಶೇಖರ್. ನೆರೆತ ಕೂದಲು, ಸೌಮ್ಯ ಮುಖ. ನನ್ನ ಹುಟ್ಟಿದ ತಾರೀಖಿನ ಪವಾಡವನ್ನು ಅವರು ಗಮನಿಸಿದ್ದರು. ಬರೆದುಕೊಂಡವರು ತಪ್ಪು ಮಾಡಿರಬೇಕು ಎಂದು ಅವರೇ ನನ್ನನ್ನು ಪಾರು ಮಾಡಿದರು. ಕ್ಯಾಮೆರಾಕ್ಕೆ ಕಾಣದಂತೆ ಮೇಜಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಲೋಕೇಶ ನನ್ನ ಪ್ಯಾಂಟು ಜಗ್ಗಿದ.

"ಈಗ ಮಕಾನೂ ಕಂಪ್ಯೂಟ್ರಲ್ಲೇ ಮಾಡ್ತರೆ ಕಣ್ ಬಾವ," ಎಂದು ಪಿಸುಗುಟ್ಟಿದ. "ಕೈನ ಮಕದ್ ತಾವ ತರ್ಸಿ. ಸುಳ್ ಮಕ ಆದ್ರೆ ಕಲಸೋಯ್ತದೆ."

ನಾನು ಅತ್ಯಂತ ವಿನಯದಿಂದ, "ಸರ್, ದಯವಿಟ್ಟು ಒಂದು ಸಲ ಕಿವಿ ಹಿಡಿದುಕೊಳ್ಳಿ," ಎಂದೆ.

ಸಾವಿರಾರು ಜನಕ್ಕೆ ಕೆಲಸ ಹೇಳುವ ಆ ಮನುಷ್ಯ ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಬಲಗೈಯಲ್ಲಿ ಬಲಗಿವಿ ಹಿಡಿದುಕೊಂಡರು. ಮುಖ ಕಲಸಿಹೋಗಲಿಲ್ಲ. ಎಡಗಿವಿಯನ್ನೂ ಹಿಡಿಸಿದೆ. ಗುರುತಿನ ಚೀಟಿ ತೋರಿಸಿ ಎಂದೆ. ತೋರಿಸಿದರು. ಕೊನೆಗೆ ನಗುತ್ತಾ, ತಮ್ಮ ಊರು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ, ಓದಿದ್ದು ನಂಜನಗೂಡಿನಲ್ಲೇ ಎಂದರು. ನನ್ನ ವಿಳಾಸ ನೋಡಿ ಹೆಣೆದ ಕತೆ ಎಂದು ನನಗೆ ತಕ್ಷಣ ಹೊಳೆಯಿತು. ಊರಿನ ಕೆರೆ, ಬಸ್ಸಿನ ಹೊತ್ತು, ಶಾಲೆಯ ಮೇಷ್ಟ್ರು ಎಲ್ಲದರ ಬಗ್ಗೆ ಕಾಲು ಗಂಟೆ ಪ್ರಶ್ನೆ ಹಾಕಿದೆ. ಊರು ಬಿಟ್ಟು ಮೂವತ್ತು ವರ್ಷವಾಯಿತು, ಕೆಲವು ಮರೆತಿವೆ ಎಂದರು. ಉತ್ತರ ತೃಪ್ತಿಕರವಾಗಿಲ್ಲ ಎಂದು ಮನಸ್ಸಿನಲ್ಲೇ ಅಂಕ ಕಳೆದೆ.

ಅವರಿಗೆ ಕೋಪ ಬರಲಿಲ್ಲ. ಗುರುವಾರ ಊರಿಗೆ ಬರುತ್ತಿದ್ದೇನೆ, ಎದುರಿಗೇ ಕೂತು ಮಾತಾಡೋಣ, ಅದೇ ಕೊನೆಯ ಸುತ್ತು ಎಂದರು.

ಕಳ್ಳ ತಾನಾಗಿಯೇ ಬೋನಿಗೆ ಬರುತ್ತಿದ್ದಾನೆ! ಲೋಕೇಶ ತನ್ನ ಗಿರಾಕಿಯಾದ ಮಾದಪ್ಪ ಎಂಬ ಹೆಡ್ ಕಾನ್‌ಸ್ಟೆಬಲ್‌ಗೆ ತಿಂಡಿಯ ಆಸೆ ತೋರಿಸಿ ಒಪ್ಪಿಸಿದ. ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರದ ಹೋಟೆಲ್ಲು. ರಜೆಯಲ್ಲಿದ್ದ ಮಾದಪ್ಪ ಮಾಮೂಲಿ ಷರಟು ಹಾಕಿಕೊಂಡು, ಲೋಕೇಶನ ಜೊತೆ ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಾ ಕೂರುವುದು. ನಾನು ಮೂರು ಸಲ ಕೆಮ್ಮಿದರೆ ಎದ್ದು ಬರುವುದು. ಇಷ್ಟು ಏರ್ಪಾಡು.

ರಾಜಶೇಖರ್ ಬಂದದ್ದು ಹಳೆಯ ಮೊಪೆಡ್ಡಿನಲ್ಲಿ, ಪಂಚೆ ಉಟ್ಟು, ಹ್ಯಾಂಡಲ್ಲಿಗೆ ವೀಳ್ಯದೆಲೆಯ ಚೀಲ ನೇತುಹಾಕಿಕೊಂಡು. ದೊಡ್ಡ ಕಂಪನಿಯ ಮುಖ್ಯಸ್ಥ ಹೀಗೆ ಬರುತ್ತಾನೆಯೇ? ಲೋಕೇಶ ಅಲ್ಲಿಂದಲೇ ನನಗೆ ಕಣ್ಣು ಹೊಡೆದ. ಮಾದಪ್ಪ ಇಡ್ಲಿಯಿಂದ ತಲೆ ಎತ್ತಲಿಲ್ಲ.

ಆದರೆ ಅವರು ಕೂತು ಮಾತಾಡತೊಡಗಿದ ಮೇಲೆ ನನಗೆ ಏನೋ ಆಯಿತು. ಬಾಯ್ಲರ್ ಸದ್ದಿನ ಬಗ್ಗೆ ಕೇಳಿದರು. ನಾನು ಗೋಪ್ಯ ಮರೆತು ಹೇಳಿದೆ. ತಮ್ಮ ಮೊದಲ ಕೆಲಸದಲ್ಲಿ ತಾವು ಮಾಡಿಕೊಂಡ ಎಡವಟ್ಟು ಹೇಳಿ ನಕ್ಕರು. ನಾನೂ ನಕ್ಕೆ. ಈ ಮನುಷ್ಯ ನಿಜ, ಕೆಲಸ ನಿಜ, ಅದು ನನಗೇ ಸಿಗಲೂಬಹುದು ಎಂದು ಮೊದಲ ಬಾರಿಗೆ ಅನ್ನಿಸಿತು. ಆ ಸಂತೋಷದಲ್ಲಿ ದೊಡ್ಡ ಗುಟುಕು ಕಾಫಿ ಕುಡಿದೆ. ನೆತ್ತಿಗೆ ಹತ್ತಿತು.

ಮೂರು ಸಲವಲ್ಲ, ಹನ್ನೆರಡು ಸಲ ಕೆಮ್ಮಿದೆ.

ಮಾದಪ್ಪ ಕೈ ತೊಳೆಯುವುದಕ್ಕೂ ನಿಲ್ಲದೆ ಬಂದು ಅವರ ಹೆಗಲ ಮೇಲೆ ಕೈ ಹಾಕಿದ. ನಾನು ಬೇಡ ಬೇಡ ಎಂದು ಕೈಯಾಡಿಸಿದರೆ, ಹಿಡಿಯಿರಿ ಎಂದೇ ಅವನಿಗೆ ಅರ್ಥವಾಯಿತು. ರಾಜಶೇಖರ್ ತಿರುಗಿ ನೋಡಿದರು. ಮಾದಪ್ಪನ ಕೈ ಹಾವು ಕಂಡಂತೆ ಹಿಂದೆ ಸರಿಯಿತು.

"ಅಯ್ಯೋ ರಾಜಣ್ಣ, ನೀವಾ? ಊರ್ಗ್ ಯಾವಾಗ ಬಂದ್ರಿ?"

ಇಬ್ಬರದೂ ಒಂದೇ ಊರು, ಒಂದೇ ಬೀದಿ. ಮಾದಪ್ಪ ಲೋಕೇಶನ ಕಡೆ ತಿರುಗಿ, "ಇವ್ರನ್ನೇ ಏನ್ಲಾ ಕಳ್ಳ ಅಂದಿದ್ದು ನೀನು?" ಎಂದು ಇಡೀ ಹೋಟೆಲ್ಲಿಗೆ ಕೇಳಿಸುವಂತೆ ಕೇಳಿದ. ಲೋಕೇಶ ನನ್ನ ಕಡೆ ಬೆರಳು ಮಾಡಿದ. ನಾನು ತೋರಿಸಲು ಯಾರೂ ಉಳಿದಿರಲಿಲ್ಲ.

ನಡೆದದ್ದೆಲ್ಲವನ್ನೂ ಒಪ್ಪಿಕೊಂಡೆ. ರಾಜಶೇಖರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದರು.

"ನಾಗೇಂದ್ರ ಅವ್ರೇ, ಈ ಕೆಲಸದಲ್ಲಿ ನಿಮ್ಮ ಕೈಕೆಳಗೆ ಇನ್ನೂರು ಜನ ಇರ್ತಾರೆ. ಅವರಲ್ಲಿ ಎಷ್ಟು ಜನರನ್ನ ನಂಬ್ತೀರಿ?"

ಎಣಿಸಲು ಹೋಗಿ ಮೊದಲ ಬೆರಳಿನಲ್ಲೇ ನಿಂತೆ. ಅವರು ಕೈಕುಲುಕಿ, ಮೊಪೆಡ್ ಹತ್ತಿ ಹೋದರು.

ಆಯ್ಕೆಯಾಗಿಲ್ಲ ಎಂಬ ಇಮೇಲ್ ಅಂದು ಸಂಜೆಯೇ ಬಂತು. ಅದರ ಸಾಚಾತನದ ಬಗ್ಗೆ ಮಾತ್ರ ನನಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಸುಧಾ ಓದಿ ಫೋನ್ ವಾಪಸು ಕೊಟ್ಟಳು.

"ಬೇಜಾರು ಮಾಡ್ಕೋಬೇಡಿ. ಸಿಕ್ಕಿದ್ರೂ ನೀವು ನಂಬ್ತಿರಲಿಲ್ಲ," ಎಂದಳು.

ಮರುದಿನ ಕಾರ್ಖಾನೆಗೆ ಹೋಗಿ, ಹಿಂದಿನ ದಿನದ ರಜೆಗೆ ಚೀಟಿ ಬರೆದೆ. ಕಾರಣ: ವಿಪರೀತ ಜ್ವರ. ನಮ್ಮ ಮ್ಯಾನೇಜರ್ ನನಗಿಂತ ಹದಿನೈದು ವರ್ಷ ಚಿಕ್ಕವನು. ಚೀಟಿ ಓದಿದ, ನನ್ನ ಮುಖ ನೋಡಿದ. ಈಗ ಹೇಗಿದ್ದೀರಿ, ಇನ್ನೊಂದು ದಿನ ಸುಧಾರಿಸಿಕೊಳ್ಳಬಹುದಿತ್ತಲ್ಲ ಎಂದು ಹೇಳಿ ಸಹಿ ಹಾಕಿದ.

ನಂಬಿಬಿಟ್ಟಿದ್ದ! ಅವನು ಮ್ಯಾನೇಜರ್ ಹೇಗಾದ ಎಂದು ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೆ; ಉತ್ತರ ಆ ಸಹಿಯಲ್ಲೇ ಇತ್ತು.